ಒಂದು ಹಿಡಿ ಹುಲ್ಲು

ಬೊಬೊನಾರೊದ ಹಿರಿಯರು ಚಾಪೆ ಹಾಸಿದರು,
ಎಲೆಯಡಿಕೆ ಇಟ್ಟರು, ಪಾದ್ರಿಗೊಂದು ಕುರ್ಚಿ.
ಗಡಿಯಾಚೆ ಪಶ್ಚಿಮ ತಿಮೋರಿಗೆ ಓಡಿದ್ದ ಅಗಾಪಿತೊ
ಮೂರು ವರ್ಷಕ್ಕೆ ಮರಳಿ, ತಲೆ ತಗ್ಗಿಸಿ ಒಪ್ಪಿಕೊಂಡ:
ಸೆಪ್ಟೆಂಬರಿನ ಆ ಮಧ್ಯಾಹ್ನ
ಸೀಮೆಎಣ್ಣೆ ಡಬ್ಬ ಹಿಡಿದದ್ದು ತಾನೇ,
ನಮ್ಮ ಸೂರಿಗೆ ಕಡ್ಡಿ ಗೀರಿದ್ದೂ ತಾನೇ.

ಅಣ್ಣನ ಮಾತು ಯಾರೂ ಎತ್ತಲಿಲ್ಲ.
ಜೀವದ ಲೆಕ್ಕ ದಿಲಿಯ ಕೋರ್ಟಿಗೆ ಸೇರಿದ್ದಂತೆ,
ಚಾಪೆಯದು ಬರೀ ಹುಲ್ಲಿನ, ಹಂದಿಯ, ಮಗ್ಗದ ಲೆಕ್ಕ.
ತೀರ್ಪು: ಸುಟ್ಟವನೇ ಹೊದಿಸಲಿ.

ಹೊದಿಸಿದ. ಇಪ್ಪತ್ತಾರು ದಿನ.
ನಾನು ನೀರು ಕೊಡಲಿಲ್ಲ.
ಅಮ್ಮ ಕೊಟ್ಟಳು, ನೆಲದ ಮೇಲಿಟ್ಟು,
ಕೈಗೆ ಕೈ ತಾಗದ ಹಾಗೆ.
ಕೊನೆಯ ದಿನ ಹಿರಿಯರು ಬಂದು, ಕತ್ತೆತ್ತಿ ನೋಡಿ
"ಇಲ್ಲಿಗೆ ತೀರಿತು" ಎಂದರು.
ಅವರಿಗೇನು, ತೀರಿತು ಅನ್ನಲು.

ಮರುವರ್ಷ ಮೊದಲ ಮಳೆಗೆ
ಅಡುಗೆಯ ಮೂಲೆಯಲ್ಲಿ ತೊಟ್ಟಿಕ್ಕಿತು.
ಅಮ್ಮ ಹೇಳಿಕಳಿಸಿದಳು. ಬಂದ.
ಅದರ ಮರುವರ್ಷವೂ ಅದೇ ಮೂಲೆ.
ಕೆಲಸಗೇಡಿ, ಎಂದು ಬೈದೆ, ಅವನಿಗೆ ಕೇಳುವಂತೆ.
ಏಣಿಯ ಮೇಲೆ ಅವನು, ಕೆಳಗೆ ಅಮ್ಮ,
ಹಿಡಿ ಹಿಡಿಯಾಗಿ ಹುಲ್ಲು ಎತ್ತಿಕೊಡುತ್ತ.
ಮಾತಿಲ್ಲ.

ಏಳನೆಯ ವರ್ಷ
ಏಣಿ ಇಳಿದವನು ಇಳಿದಲ್ಲೇ ಕುಕ್ಕರಿಸಿ
"ತಿಯಾ ಎರ್ಮೆಲಿಂಡಾ" ಎಂದ.
ಹೊಳೆಯ ಹೆಸರು ಹೇಳಿದ. ಹುಣಸೆಮರ ಹೇಳಿದ.
"ಹೊತ್ತವರಲ್ಲಿ ನಾನೂ ಒಬ್ಬ, ಕಾಲಿನ ಕಡೆ."
ಅಣ್ಣನನ್ನು ತಂದೆವು. ಸಣ್ಣ ಪೆಟ್ಟಿಗೆ ಸಾಕಾಯಿತು.
ಬೆಲ್ಟಿನ ಕೊಂಡಿಯನ್ನು ಸೆರಗಿನಂಚಿನಲ್ಲಿ ತಿಕ್ಕಿ ತಿಕ್ಕಿ
ಅಮ್ಮ ಗುರುತು ಹಿಡಿದಳು.

ಅದರ ಮುಂದಿನ ನವೆಂಬರ್,
ಬೆಳಗಿನ ಜಾವ ಸದ್ದಿಗೆ ಎದ್ದು ನೋಡಿದರೆ
ಅರವತ್ತೆಂಟರ ಅಮ್ಮ ಏಣಿಯ ಮೇಲೆ,
ಅಡುಗೆಮೂಲೆಯ ಹುಲ್ಲು ಕೀಳುತ್ತಿದ್ದಾಳೆ.
ಒಂದೇ ಹಿಡಿ, ಅಳೆದ ಹಾಗೆ.

ಮಗನ ಸುಳಿವಿಗೆಂದೇ ಏಳು ವರ್ಷ ಕಾದಳು, ಜಾಣೆ,
ಅನ್ನೋಣವೆಂದರೆ ಸುಳಿವು ಸಿಕ್ಕಾಗಿತ್ತು.
"ಇನ್ನೂ ಯಾಕಮ್ಮ?"
"ಸುಮ್ಮನೆ ಬಾ ಅಂದರೆ ಬರ್ತಾನಾ?
ಅವನಿಗೂ ಒಂದು ನೆಪ ಬೇಡವೇ?"
ಕೈ ಜಾಡಿಸಿ ಇಳಿದು, ಕಾಫಿಗೆ ನೀರಿಟ್ಟಳು.

ಅಮ್ಮ ಹೋದ ಮೇಲೆ ಇದು ಮೊದಲ ಮಳೆ.
ಸೂರು ಎಲ್ಲೂ ಸೋರುತ್ತಿಲ್ಲ.
ಬೇಲಿಯಾಚೆ ನಿಂತಿದ್ದಾನೆ ಮುದುಕ,
ಹೆಗಲ ಮೇಲೆ ಹುಲ್ಲಿನ ಹೊರೆ, ಕರೆದವರಿಲ್ಲ.
ನೆನೆಯುತ್ತಿದೆ ಹುಲ್ಲು.

ನಾನು ಕ್ಷಮಿಸಿಲ್ಲ. ಯಾರು ಬೇಕಾದರೂ ಬರೆದಿಟ್ಟುಕೊಳ್ಳಲಿ.
ಹಿತ್ತಲಿಗೆ ಬಂದಿದ್ದೇನೆ.
ಅಮ್ಮ ಏಣಿ ಎಲ್ಲಿಡುತ್ತಿದ್ದಳೋ