ಮೂವತ್ತೊಂಬತ್ತು ಡಿಗ್ರಿ

ಈ ಥರ್ಮಾಸು ಅಪ್ಪನದು. ಗಣಿಯ ರಾತ್ರಿಪಾಳಿಗೆ
ಟೀ ಹೊತ್ತದ್ದು. ಈಗ ಇದರೊಳಗೆ
ಹಸುವಿನ ಮೊದಲ ಹೊಟ್ಟೆಯ ನೀರು.
ಬಿಸಿನೀರು ತುಂಬಿ, ಚೆಲ್ಲಿ, ಮೊದಲೇ ಬೆಚ್ಚಗೆ ಮಾಡಿಟ್ಟಿರಬೇಕು,
ಆರಿದರೆ ಒಳಗಿನ ಜೀವಗಳು ಸಾಯುತ್ತವೆ.
ಮೂವತ್ತೊಂಬತ್ತು. ಹೊರಗೆ ಇವತ್ತು ಮೂವತ್ತೆಂಟು.

ರೋಣೂರು ದಾರಿಯ ಮಾವಿನ ತೋಪು ದಾಟಿದರೆ
ಪಿಳ್ಳಕ್ಕನ ಶೀಟಿನ ಕೊಟ್ಟಿಗೆ.
ಸೀಮೆಹಸು ನಾಲಿಗೆ ಚಾಚಿ ನಿಂತಿದೆ,
ಜೊಲ್ಲೆಲ್ಲ ನೆಲದ ಪಾಲು.
ಒಳಗಿಳಿಯಬೇಕಾದ ಸೋಡಾ ಅದು, ಹೇಳಿದೆ,
ಹೊಟ್ಟೆಯ ಹುಳಿ ಮುರಿಯುವ ಮದ್ದು.
"ಅಂಗಾದ್ರೆ ಬಳ್ಕೊಂಡು ವಾಪಸ್ಸು ಬಾಯಿಗಾಕು" ಅಂದಳು.

ಡೈರಿಯಲ್ಲಿ ಫ್ಯಾಟು ಎರಡು ಎಂಟು.
ಸೆಕ್ರೆಟರಿ ಕ್ಯಾನು ಪಕ್ಕಕ್ಕೆ ಸರಿಸಿದ್ದಾನೆ, ಎರಡು ಸಲ.

ಎಡಪಕ್ಕೆಯ ಗುಳಿಗೆ ಮುಷ್ಟಿ ಊರಿದೆ.
ಎರಡು ನಿಮಿಷಕ್ಕೆ ಮೂರು ಅಲೆ ಬರಬೇಕು.
ಒಂದು ಬಂತು. ಕಾದೆ.
ಮೂರನೇ ಮನೆಯಲ್ಲಿ ಯಾರೋ ಮಂಚ ಎಳೆದ ಹಾಗೆ
ಇನ್ನರ್ಧ.

ನಮ್ಮ ಪ್ಯಾಕೆಟ್ಟುಗಳ ಮೇಲೆ ಹೆಸರಿಲ್ಲ. ಅ, ಬ, ಕ ಅಷ್ಟೇ.
ಒಂದರಲ್ಲಿ ಯೀಸ್ಟು, ಒಂದರಲ್ಲಿ ಸೋಡಾ, ಒಂದರಲ್ಲಿ ಬರೀ ತೌಡು;
ಯಾವುದು ಯಾವುದೋ ನನಗೂ ಹೇಳಿಲ್ಲ.
ಪಿಳ್ಳಕ್ಕನಿಗೆ ಬಂದದ್ದು ಬ.

ಮೂರು ವಾರಕ್ಕೆ ಫ್ಯಾಟು ಮೂರು ಆರು.
ಮುಷ್ಟಿಯಡಿ ಅಲೆ, ಬೆನ್ನಿಗೇ ಇನ್ನೊಂದು, ತುಂಬಿಕೊಂಡು.
ಪೆನ್ನು ತೆಗೆದೆ. ಆಗ ಕಂಡಿತು ಗೋಡೆಯ ಗೂಡಿನಲ್ಲಿ
ಇಪ್ಪತ್ತೊಂದು ಬ, ಒಂದರ ಬಾಯಿಯೂ ಹರಿಯದೆ.

"ಹಗಲೊತ್ತು ತಿನ್ನಲ್ಲಮ್ಮ ಇದು. ಈ ಬಿಸಿಲಲ್ಲಿ ನಾನಾದ್ರೂ ತಿಂತೀನಾ?
ರಾತ್ರಿ ಹತ್ತಕ್ಕೆ ರಾಗಿಹುಲ್ಲು, ಮೂರಕ್ಕೆ ಬೂಸಾ,
ಮಧ್ಯೆ ಗೋಣಿ ನೆನೆಸಿ ಬೆನ್ನಿಗೆ.
ಮೆಲುಕು ಹಾಕೋಗಂಟ ಪಕ್ಕದಾಗೇ ಬಿದ್ಕೊಂಡಿರ್ತೀನಿ.
ನಿನ್ ಪುಡಿ ಸರ್ಕಾರದ್ದು, ಖರ್ಚಾದ್ರೆ ನಿನ್ನ ಬೈತಾರೇನೋ ಅಂತ
ಜೋಪಾನವಾಗಿ ಎತ್ತಿಟ್ಟಿದ್ದೀನಿ."

ಫಾರಮ್ಮಿನಲ್ಲಿ ಕೇಳಿದ್ದಾರೆ: ಪ್ಯಾಕೆಟ್ಟು, ಗ್ರಾಂ, ದಿನ.
ರಾತ್ರಿಗೆ ಕಾಲಮ್ಮಿಲ್ಲ.
ಅಂಚಿನಲ್ಲಿ ಸಣ್ಣಗೆ ಬರೆದೆ, ಹೊಡೆದು ಹಾಕಿದೆ,
ಮತ್ತೆ ಬರೆದೆ.

ಕೆಳಗಿಳಿದಷ್ಟೂ ಬಂಡೆ ಸುಡುತ್ತಿತ್ತಂತೆ,
ಅಪ್ಪ ಹೇಳುತ್ತಿದ್ದ, ಅಲ್ಲಿ ಟೀ ಆರುವುದೇ ಇಲ್ಲ ಅಂತ.

ಕೋಲಾರದ ಬಸ್ಸಿನಲ್ಲಿ ಥರ್ಮಾಸು ಮಡಿಲಲ್ಲಿ,
ಸುತ್ತ ದುಪಟ್ಟಾ.
ಕಂಡಕ್ಟರು ಕೇಳಿದ, ಟೀ ಏನಕ್ಕಾ?
ಹೂಂ ಅಂದೆ.