ಕಷಾಯ

ನೈಟ್ ಡ್ಯೂಟಿ ಬಿದ್ದ ವಾರ ರೇವತಿ
ಆರೂವರೆಗೇ ಆಸ್ಪತ್ರೆಗೆ ಹೊರಡುತ್ತಾಳೆ,
ಚಪ್ಪಲಿಯ ಜೊತೆಗೆ ಮಗುವಿನ ನಿದ್ದೆಯನ್ನೂ
ಮೆಟ್ಟಿಕೊಂಡು.

ಆ ಶನಿವಾರವೂ ಹಾಗೇ. ತೋಂಟದಾರ್ಯನ ಫೋನು:
"ಏಳಕ್ಕೆ ಬಾರೋ, ಒಂದು ಕೈ ಕಮ್ಮಿ ಐತೆ."
ಮಗು? ಎಂದು ನಾನು ಕೇಳಲಿಲ್ಲ,
ಬೇಡ ಎಂದು ಅವನೂ ಹೇಳಲಿಲ್ಲ.
ಮದುವೆ ಕಾಗದವಾದರೆ ಅಚ್ಚು ಹಾಕಿಸಿರುತ್ತಾರೆ
ಸಕುಟುಂಬ ಪರಿವಾರ ಸಮೇತ ಎಂದು;
ರಮ್ಮಿಗೆ ಯಾರು ಕಾಗದ ಹಂಚುತ್ತಾರೆ?

ಮೂರೂವರೆ ವರ್ಷದ ಇಂಚರಳನ್ನು ಹೆಗಲಿಗೇರಿಸಿ
ಅರಸೀಕೆರೆಯ ಕೊಬ್ಬರಿ ಮಂಡಿಯ ಹಿಂದಿನ ಮೆಟ್ಟಿಲು ಹತ್ತಿದೆ.
ಚೀಲದಲ್ಲಿ ಒಂದು ಚಡ್ಡಿ, ಅರ್ಧ ಬಾಳೆಹಣ್ಣು,
ಬಾಲ ಕಿತ್ತುಹೋದ ಪ್ಲಾಸ್ಟಿಕ್ ಆನೆ.

ತಾರಸಿಯಲ್ಲಿ ನಾಲ್ಕು ಜನ, ಒಂದು ಜಮಖಾನ,
ನಡುವೆ ಹೆಸರು ಹೇಳಬಾರದ್ದೊಂದು
ಅರ್ಧ ಖಾಲಿಯಾಗಿ ನಿಂತಿತ್ತು.
ನಮ್ಮನ್ನು ಕಂಡದ್ದೇ
ಕರಿಸಿದ್ದಪ್ಪನ ಬಾಯಿಂದ ಹೊರಟಿದ್ದ ಬೈಗುಳ
ಸಿಗ್ನಲ್ ಸಿಗದ ಗೂಡ್ಸಿನ ಹಾಗೆ ಔಟರಿನಲ್ಲೇ ನಿಂತಿತು.
"ಬೋ..." ಎಂದಿದ್ದವನು
"ಬೋಂಡಾ ತಿಂತೀಯಾ ಪುಟ್ಟಿ?" ಎಂದು ಮುಗಿಸಿದ.
ಸತ್ಯನಾಥನ್ ಅವರ ಬೀಡಿ ಬೆನ್ನ ಹಿಂದೆ ಹೋಗಿ
ಅಲ್ಲಿಂದಲೇ ಹೊಗೆಯಾಡಿತು, ಪ್ರಭಾವಳಿಯಂತೆ.
ಬಾಟಲಿ ತೆಂಗಿನಕಾಯಿ ರಾಶಿಯಲ್ಲಿ ತಲೆಮರೆಸಿಕೊಂಡಿತು.
ಲೋಟಗಳು ಮಾತ್ರ ಕೈಯಲ್ಲೇ ಉಳಿದವು.

"ಏನದು?"
"ಕಷಾಯ ಕಣವ್ವ," ಎಂದ ತೋಂಟದಾರ್ಯ,
ಹಾಲಿನ ಸೊಸೈಟಿಯಲ್ಲಿ ಒಂದು ರೂಪಾಯಿ ಸುಳ್ಳು ಲೆಕ್ಕ ಬರೆಯದವನು.
"ಮಾಮಂದಿರಿಗೆಲ್ಲ ಜ್ವರ."

ಅವಳು ಒಬ್ಬೊಬ್ಬರ ಹಣೆ ಮುಟ್ಟಿ ನೋಡಿದಳು,
ಅಂಗೈಯಿಂದಲ್ಲ, ಅದರ ಹಿಂಬದಿಯಿಂದ,
ಅಮ್ಮನನ್ನು ನೋಡಿ ಕಲಿತದ್ದು.
ನಾಲ್ವರು ಗಂಡಸರು ತಲೆ ಬಗ್ಗಿಸಿ
ಸರದಿಗೆ ಕಾದರು.
ಸತ್ಯನಾಥನ್ ಮಾಮನಿಗೆ ಜಾಸ್ತಿ ಎಂದಳು.
ಅವರು ಎದ್ದುಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದರು.

ಆಟ ನಡೆಯಿತು ಅನ್ನಬೇಕಷ್ಟೆ.
ಜೋಕರು ಆನೆಯೇರಿ ಸವಾರಿ ಹೊರಟಿತು,
ಆಟೀನ್ ರಾಣಿಯ ಕೆನ್ನೆಗೆ ಬಾಳೆಹಣ್ಣು.
ಓಂಕಾರ, ಹೆಂಡತಿ ತವರಿಗೆ ಹೋದ ದಿನದ ಕತೆ ತೆಗೆದು
"ಆಮೇಲೆ..." ಎಂದವನು
ಇಂಚರಳ ಮುಖ ನೋಡಿ
"ಆಮೇಲೆ ಬಸ್ಸು ಬಂತು" ಎಂದ.
ಎಲೆ ಎತ್ತಿದ. ಇಳಿಸಿದ.

ಎಂಟು ತಿಂಗಳಿಂದ ಅವನು ಹೇಳಬೇಕೆಂದಿದ್ದ ಕತೆ ಅದು,
ನಮಗೆಲ್ಲ ಗೊತ್ತಿತ್ತು.
ಅದಕ್ಕೊಂದು ಸಂಜೆ ಬೇಕಿತ್ತು,
ದೊಡ್ಡವರದ್ದೇ ಆದ, ಬಾಗಿಲು ಹಾಕಿದ ಸಂಜೆ.
ಅದರ ನಡುವೆ ನಾನು
ಹೆಗಲ ಮೇಲಿಂದ ಅವಳನ್ನು ಇಳಿಸಿಬಿಟ್ಟಿದ್ದೆ.

ಎಂಟೂವರೆಗೆ ಸ್ಟೇಷನ್ನಿನಲ್ಲಿ ಗಾಡಿ ಕೂಗಿದಾಗ
ಅವಳು ತೂಕಡಿಸಿದಳು. ಎಲ್ಲರೂ ಪಿಸುಮಾತಿಗಿಳಿದರು.
ಇನ್ನೊಂದಾಟ ಇರು ಎಂದು ಯಾರೂ ಅನ್ನಲಿಲ್ಲ.
"ಮಗೀಗೆ ಮಂಜು ಬೀಳ್ತದೆ, ಕರ್ಕೊಂಡು ಹೋಗಪ್ಪ,"
ಎಂದರು, ಏಪ್ರಿಲ್ ತಿಂಗಳ ಸೆಕೆಯಲ್ಲಿ.

ಮುಂದಿನ ಶನಿವಾರ ಫೋನು ಬರಲಿಲ್ಲ.
ಅದರ ಮುಂದಿನ ಶನಿವಾರವೂ.
ಯಾರನ್ನು ಬೈಯಲಿ?
ಇವಳು ಹುಟ್ಟುವ ಮೊದಲು ಇದೇ ತಾರಸಿಗೆ
ಯಾರೋ ಮಗನನ್ನು ಎಳೆದುಕೊಂಡು ಬಂದಾಗ
ಎಲೆ ಕೆಳಗಿಟ್ಟು ಮುಖ ಗಂಟಿಕ್ಕಿದವನು ನಾನೇ.
ಅವನ ಹೆಸರೂ ಈಗ ನೆನಪಿಲ್ಲ.
ಮತ್ತೆ ಬರಲೇ ಇಲ್ಲ ಅವನು.

ಶನಿವಾರ ಹಾಲಿಗೆ ಹೋಗುವಾಗ
ಮಂಡಿಯ ಹಿಂದೆ ಸ್ಕೂಟರುಗಳು ಸಾಲಾಗಿ ನಿಂತಿರುತ್ತವೆ.
ಮೇಲಿಂದ ಪೂರ್ತಿ ಮುಗಿಯುವ ಬೈಗುಳ, ನಗು.
ಓಂಕಾರನ ದನಿಗೆ ಕಿವಿಗೊಡುತ್ತೇನೆ,
ಕೇಳಿಸುವುದಿಲ್ಲ. ಹೇಳಿ ಹಗುರಾದನೋ ಏನೋ.

ಇಂಚರ ಕೈ ಜಗ್ಗುತ್ತಾಳೆ.
"ಅಪ್ಪಾ, ಅವರಿಗಿನ್ನೂ ಜ್ವರ ಬಿಟ್ಟಿಲ್ವಾ?"
"ಇಲ್ಲ ಮಗಳೇ. ಶನಿವಾರ ಬಂದ್ರೆ ಏರ್ತದೆ."
"ನಿಂಗೆ?"

ಹಾಲಿನ ಕ್ಯಾನು ನೆಲಕ್ಕಿಟ್ಟು
ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು
ಹಣೆ ಒಡ್ಡುತ್ತೇನೆ.