ಹನ್ನೆರಡನೇ ವಿಷಯ

ಹನ್ನೊಂದು: ಕೋಡಿಬಾಗದ ಗಟಾರು. ಮುಂದೂಡಲಾಯಿತು.
ಹನ್ನೆರಡು: ಯುದ್ಧ.

ನಡಾವಳಿ ಬರೆಯುವವಳು ನಾನು. ಇಪ್ಪತ್ತಾರು ವರ್ಷದಿಂದ
ಕಾರವಾರ ನಗರಸಭೆಯ ಈ ಮೂಲೆಮೇಜಿನಲ್ಲಿ
ಯಾರು ಏನಂದರು ಎಂಬುದನ್ನಷ್ಟೇ ಬರೆದು
ಹೇಗೆ ಅಂದರು ಎಂಬುದನ್ನು ಮನೆಗೊಯ್ಯುತ್ತೇನೆ.

ಕಿಟಕಿ ಕಡೆಯವರು ತಂದ ಠರಾವು:
"ಈ ಸಭೆಯು ಯುದ್ಧಕ್ಕೆ ತನ್ನ ಸಂಪೂರ್ಣ ಬೆಂಬಲವನ್ನು…"
ಗೋಡೆ ಕಡೆಯಿಂದ ಇನಾಸ್ ರೊಡ್ರಿಗೀಸ್ ಎದ್ದ:
"ಸಂಪೂರ್ಣ ತೆಗೀರಿ. ಬೆಂಬಲ ಬೇಕಾದ್ರೆ ಇಟ್ಕೊಳ್ಳಿ."
ಮುಕ್ಕಾಲು ಗಂಟೆ ಆ ಒಂದೇ ಪದದ ಮೇಲೆ
ಫ್ಯಾನು ತಿರುಗಿತು.
ಬಾನಾವಳಿಕರರು ಮೇಜು ಗುದ್ದಿದರು. ಲೋಟದ ನೀರು
ದೇಶದ ಪರವಾಗಿ ತುಳುಕಿ
ಗಟಾರಿನ ಅಂದಾಜುಪಟ್ಟಿಯ ಮೇಲೆ ಹರಿಯಿತು.
ಆ ಗಟಾರು ಹರಿದದ್ದು ಅದೊಂದೇ ದಿನ.

ಅರಗಾದ ಕಡೆಯಿಂದ ಸೈರನ್ನಿನ ತಾಲೀಮು.
ಎಲ್ಲರೂ ಸುಮ್ಮನಾದರು. ಸುಮ್ಮನಾದದ್ದನ್ನು
ಬರೆಯುವ ರೂಢಿ ಇಲ್ಲ.

ನನಗೆ ಗೊತ್ತಿತ್ತು: ಕಪಾಟಿನ ಕೆಳಖಾನೆಯಲ್ಲಿ
ಗೆದ್ದಲು ಅಂಚು ತಿಂದ ಇನ್ನೊಂದು ಪುಸ್ತಕ,
ಇನ್ನೊಂದು ಯುದ್ಧ,
ನನ್ನದೇ ಅಕ್ಷರ, ಆಗಿನ್ನೂ ದುಂಡಗೆ.
ಅದರಲ್ಲಿ ಠರಾವು ತಂದವರು ಗೋಡೆ ಕಡೆಯವರು.
"ಸಂಪೂರ್ಣ ಯಾಕೆ?" ಎಂದು ಕೇಳಿದ್ದು ಬಾನಾವಳಿಕರರು,
ತಲೆ ಕಪ್ಪಗಿದ್ದ ಬಾನಾವಳಿಕರರು.
ಮೇಜು ಇದೇ. ಗುದ್ದಿದ ಜಾಗವೂ ಹೆಚ್ಚುಕಡಿಮೆ ಇದೇ.
ನಡುವೆ ದಿಲ್ಲಿ ಒಮ್ಮೆ ಮಗ್ಗುಲು ಬದಲಿಸಿತ್ತು, ಅಷ್ಟೇ.

ಬೈತಖೋಲದ ಶೇವಂತಿ ತಾಂಡೇಲ ಯಾವ ಕಡೆಯವಳೂ ಅಲ್ಲ.
ಬಾಗಿಲ ಬಳಿಯ ಆ ಕುರ್ಚಿ, ಮೀನಿನ ವಾಸನೆ ಎಂದು
ಎರಡೂ ಕಡೆಯವರು ಒಮ್ಮತದಿಂದ ತೋರಿಸಿದ್ದು.
ಅವಳ ಅಕ್ಕನ ಮಗ ಹಡಗಿನಲ್ಲಿ ಅಡುಗೆಯವ.
ಒಂಬತ್ತು ದಿನದಿಂದ ಫೋನಿಲ್ಲ.
ಅವಳೆದ್ದು ಕೇಳಿದ್ದು ಅವನನ್ನಲ್ಲ:
"ದೋಣಿ ಇಳಿಸಬೇಡಿ ಅಂದಾರೆ, ಎಷ್ಟು ದಿನ?
ತಂದಿಟ್ಟ ಮಂಜುಗಡ್ಡೆ ಕರಗ್ತದೆ."
"ವಿಷಯಕ್ಕೆ ಬನ್ನಿ" ಎಂದಿತು ಕಿಟಕಿ.
"ವಿಷಯಕ್ಕೆ ಬನ್ನಿ" ಎಂದಿತು ಗೋಡೆ.
"ಇದೇ ವಿಷಯ" ಎಂದಳೋ, ಕುರ್ಚಿ ಕಿರುಗುಟ್ಟಿತೋ,
ನನಗೆ ಸರಿಯಾಗಿ ಕೇಳಲಿಲ್ಲ.

ಕೈ ಎತ್ತಿಸಿದರು. ಪರ, ಹದಿನಾಲ್ಕು.
ಇಳಿಯಿತು ಆ ಹದಿನಾಲ್ಕು. ವಿರೋಧ ಎನ್ನುವ ಮುಂಚೆ,
ಆ ನಡುವಿನ ಉಸಿರಿನಲ್ಲಿ, ಶೇವಂತಿಯ ಕೈ ಮೇಲೆ ಹೋಯಿತು;
ಬಿಚ್ಚಿದ್ದ ತುರುಬು ಹಿಡಿದು, ಸುತ್ತಿ, ಸಿಕ್ಕಿಸಿ,
ವಿರೋಧದ ಹದಿನಾಲ್ಕು ಎದ್ದ ಮೇಲೆ ಕೆಳಗಿಳಿಯಿತು.
"ನಮ್ಮದು!" ಅಂದರು ಇವರು. "ನಮ್ಮದು!" ಅಂದರು ಅವರು.
ಅಷ್ಟು ಹೊತ್ತಿನಲ್ಲಿ ಮೊದಲ ಸಲ
ಎರಡು ಪಕ್ಷದವರು ಒಟ್ಟಿಗೆ ಅವಳತ್ತ ತಿರುಗಿದರು.

ಅಧ್ಯಕ್ಷರು: "ಏನಂತ ಬರೆದ್ರಿ, ಬಾಯೋರೇ?"
ಪರ, ವಿರೋಧ, ತಟಸ್ಥ. ಮೂರೇ ಖಾನೆ.
ನಾನು ಕೆಳಗಿನ ಅಂಚಿನಲ್ಲಿ ಬರೆದಿದ್ದೆ:
"ಸದಸ್ಯೆ ಶ್ರೀಮತಿ ತಾಂಡೇಲ ಅವರು ತಲೆ ಕಟ್ಟಿಕೊಂಡರು."
ಹೊಡೆದುಹಾಕಿಸಿದರು. ಶಾಯಿ ಅಗ್ಗದ್ದು, ಗೀಟು ತೆಳ್ಳಗೆ,
ಬೇಕಾದವರು ಈಗಲೂ ಓದಬಹುದು.
ಸಮ ಸಮ ಎಂದಾಗಿ, ಅಧ್ಯಕ್ಷರ ಮತದಿಂದ
ಯುದ್ಧ ಅಂಗೀಕಾರವಾಯಿತು.
ಅದು ಒಂಬತ್ತು ದಿನದಿಂದ ನಮ್ಮ ಒಪ್ಪಿಗೆಗೆ ಕಾದಿರಲಿಲ್ಲ.
ಹದಿಮೂರು: ಬೀದಿದೀಪ. ಕೋರಂ ಇಲ್ಲ.

ರಾತ್ರಿ ಆಜ್ಞೆಯಂತೆ ಊರೆಲ್ಲ ಕತ್ತಲೆ.
ಬಂದರು ರಸ್ತೆಯಲ್ಲಿ ಯಾರೋ ಇಬ್ಬರು ಜಗಳ,
ಗೆದ್ದವರು ಯಾರು ಅಂತ. ದನಿಯಿಂದ
ಯಾವ ಪಕ್ಷವೆಂದು ತಿಳಿಯಲಿಲ್ಲ.
ಬೈತಖೋಲದಲ್ಲಿ ಕವುಚಿದ ದೋಣಿಗೆ ಬೆನ್ನು ಕೊಟ್ಟು
ಶೇವಂತಿ ಕೂತಿದ್ದಳು. ಮಡಿಲಲ್ಲಿ ಫೋನು,
ಬೆಳಕು ಹೊರಬೀಳದ ಹಾಗೆ ಮೇಲೊಂದು ಅಂಗೈ.
ಬೆರಳ ಸಂದಿಯಲ್ಲಿ ಮಾತ್ರ ಸ್ವಲ್ಪ ಕೆಂಪು.

ನಾನು ಏನೋ ಕೇಳಬೇಕೆಂದು ನಿಂತೆ.
"ಬಂಗಡೆ ಇಲ್ಲ" ಎಂದಳು,
ತಲೆಯೆತ್ತದೆ.